ಹಳೆಯ ಮರದ ಗೋಡೆಮೇಜು

ಕೊಚ್ಚಿಯ ವೈಟ್ಟಿಲದಂತಹ ಬಡಾವಣೆಗಳ ಬಹುಮಹಡಿ ವಸತಿಗಳಲ್ಲಿ ಮಂಚದ ಬದಿಗೆ ಕಾಲುಳ್ಳ ಮೇಜನ್ನಿಡಲು ಎಡೆ ದೊರೆಯುವುದು ವಿರಳ. ಗೋಡೆಗೆ ಜೋಡಿಸುವ ಕಿರುಮೇಜು ಅಲ್ಲಿ ಉಪಯುಕ್ತ. ಕೆಡವಿದ ಮನೆಗಳ ಬಾಗಿಲು, ಕಿಟಕಿಯ ಚೌಕಟ್ಟು, ಜಂತಿಗಳ ಗಟ್ಟಿಮರವನ್ನು ಇದಕ್ಕೆ ಬಳಸಬಹುದು.

ಮರ: ಕೇರಳದ ಹಳೆಯ ಮನೆಗಳಲ್ಲಿ ತೇಗ, ಹಲಸು ಹಾಗೂ ಮಲಯಾಳಿಗಳು ಆಂಜಿಲಿ ಎನ್ನುವ ಹೆಬ್ಬಲಸು ಬಳಕೆಯಲ್ಲಿದ್ದವು. ಹತ್ತರಿ ಹಿಡಿಯುವ ಮುನ್ನ ಅಯಸ್ಕಾಂತವಾಡಿಸಿ ಅಡಗಿದ ಮೊಳೆಗಳನ್ನು ಕೀಳಬೇಕು. ಸಣ್ಣ ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಹುಳುವಿದೆಯೆಂದು ತಿಳಿದು ಆ ತುಂಡನ್ನು ಬಿಡುವುದೇ ಲೇಸು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ಒಣಗಿದಂತೆಯೇ ಉಜ್ಜಬಾರದು.

ಅಳತೆ: ಮೇಲ್ಹಲಗೆ 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪವಿದ್ದರೆ ಸಾಕು. ಮರದ ಎಳೆ ಉದ್ದಕ್ಕೆ ಸಾಗಿರಲಿ. ಹಿಂಹಲಗೆಯ ಎತ್ತರವೇ ಮುಖ್ಯ. ಮೇಜಿನ ಮುಂಚಿಗೆ 10 ಕಿಲೋ ಭಾರ ಬಿದ್ದಾಗ, ಹಿಂಹಲಗೆ 10 ಸೆಂ.ಮೀ. ಎತ್ತರವಿದ್ದರೆ ಮೇಲಿನ ತಿರುಪುಗಳನ್ನು ಸುಮಾರು 30 ಕಿಲೋ ಬಲ ಹೊರಗೆಳೆಯುತ್ತದೆ, 20 ಸೆಂ.ಮೀ. ಇದ್ದರೆ 15 ಕಿಲೋ ಮಾತ್ರ. ಮೇಲ್ಹಲಗೆಯ ಕೆಳಗೆ ಎರಡು ತ್ರಿಕೋನಾಕಾರದ ಆಸರೆಗಳಿರಬೇಕು. ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುವುದರಿಂದ, ಆಸರೆಗಳಿಗೆ ಅಂಟು ಹಚ್ಚದೆ, ಮುಂಬದಿಯ ತಿರುಪಿನ ತೂತುಗಳನ್ನು ತುಸು ಉದ್ದವಾಗಿ ಕೊರೆಯಬೇಕು.

ಗೋಡೆ: ಗಿಲಾವು ಭಾರ ಹೊರುವುದಿಲ್ಲ, ಹಿಡಿತ ಅದರ ಹಿಂದಿನ ಗೋಡೆಯಲ್ಲಿರಬೇಕು. ಕಾಂಕ್ರೀಟು, ಇಟ್ಟಿಗೆಗಳಿಗೆ ಸಾಮಾನ್ಯ ಪ್ಲಗ್ಗು ಸಾಕು. ಟೊಳ್ಳು ಅಥವಾ ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ತಯಾರಾದ ಪ್ಲಗ್ಗು ಬೇಕು. ಮೆತ್ತಗಿನ ಜಂಬಿಟ್ಟಿಗೆಯಲ್ಲಿ ಇನ್ನೂ ಆಳಕ್ಕೆ ಹೋಗಬೇಕು. ಸ್ವಿಚ್ಚಿನ ನೇರ ಮೇಲೆ, ಕೆಳಗೆ ಅಥವಾ ಪಕ್ಕದಲ್ಲಿ ತಂತಿ ಹಾದಿರಬಹುದಾದ್ದರಿಂದ ಅಲ್ಲಿ ಕೊರೆಯಬಾರದು. ಹಾಸಿಗೆಯ ಮಟ್ಟಕ್ಕೆ ಗುರುತು ಹಾಕಿ, ರಸಮಟ್ಟವಿಟ್ಟು ನೋಡಿ, ಮೇಲ್ಗಡೆ ಎರಡು, ಕೆಳಗಡೆ ಎರಡು ತಿರುಪುಗಳನ್ನು ಬಿಗಿಯಬೇಕು.

ಹೊಳಪು: ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಬಾರಿ ಹಚ್ಚಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.

ನಡುರಾತ್ರಿ ಏಳುವ ಹಿರಿಯರು ಕತ್ತಲಲ್ಲಿ ಕೈಯೂರುವುದು ಈ ಮೇಜಿನ ಮೇಲೆಯೇ. ಆದ್ದರಿಂದ ನೀರಿನ ಚೆಂಬನ್ನಿಡುವ ಮೊದಲು ಅಂಚಿನ ಮೇಲೆ ಭಾರವನ್ನು ಹಂತಹಂತವಾಗಿ ಹೇರಿ ಪರೀಕ್ಷಿಸಬೇಕು. ಹಿಂಹಲಗೆಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಚ್ಚಿ ಮತ್ತೆ ಜೋಡಿಸುವುದು ಕ್ಷೇಮ.