ವಜ್ರದ ಪಾಸು, ಗಂಧದ ಪಾಸು

ಕೆಲವು ಜಾತಿಯ ಮರ ಕಡಿದು ಸಾಗಿಸಬೇಕಾದರೆ ಪಾಸು ಬೇಕು ಅಂತ ಮುಳ್ಳನ್ಕೊಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೆರಿಕ್ಕಲ್ಲೂರು ಕಡವಿನಲ್ಲಿ ಕಬಿನಿ ದಾಟಿದರೆ ಬೈರಕುಪ್ಪೆ, ಆಚೆಗೆ ಕರ್ನಾಟಕದ ಕಾಡು. ವಜ್ರಕ್ಕೂ ಇಂಥದೇ ಒಂದು ಪಾಸು ಉಂಟು. ಅದರ ಚರಿತ್ರೆಯನ್ನು ನಮ್ಮ ಕಡೆಯ ಗಂಧದ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಬೇಕು ಅಂತ ನನಗೆ ಬಹಳ ದಿನದಿಂದ ಅನಿಸಿತ್ತು.

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಬಂಡುಕೋರರು ವಜ್ರ ಸಿಗುವ ಜಾಗಗಳನ್ನು ಹಿಡಿದುಕೊಂಡರು. ಕಲ್ಲು ಮಾರಿ ಬಂದೂಕು ಕೊಂಡರು, ಹಳ್ಳಿಯವರ ಕೈ ಕಡಿದರು. ಅವರಿಗೆ ನೆರವಾದ ನೆರೆದೇಶ ಲೈಬೀರಿಯದ ಅಧ್ಯಕ್ಷ ಚಾರ್ಲ್ಸ್ ಟೇಲರನಿಗೆ 2012ರಲ್ಲಿ 50 ವರ್ಷ ಜೈಲುಶಿಕ್ಷೆಯಾಯಿತು.

ಈ ವ್ಯಾಪಾರ ತಡೆಯುವುದಕ್ಕೆ 2000ದಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿ ಊರಿನಲ್ಲಿ ಮಾತುಕತೆ ಶುರುವಾಗಿ, 2003ರಲ್ಲಿ ನಿಯಮ ಜಾರಿಗೆ ಬಂತು. ಕಚ್ಚಾ ವಜ್ರ ದೇಶ ದಾಟಬೇಕಾದರೆ ಮೊಹರು ಮಾಡಿದ ಡಬ್ಬಿ ಬೇಕು, ಸರ್ಕಾರದ ಪ್ರಮಾಣಪತ್ರ ಬೇಕು. ಲೋಕದ ಬಹುಪಾಲು ವಜ್ರಕ್ಕೆ ಸಾಣೆ ಹಿಡಿಯುವುದು ನಮ್ಮ ಸೂರತ್ತಿನಲ್ಲಿ. ಹಾಗಾಗಿ ಭಾರತವೂ ಮೊದಲಿನಿಂದಲೇ ಇದರಲ್ಲಿದೆ.

ಆದರೆ ಆ ನಿಯಮದ ಪ್ರಕಾರ ರಕ್ತದ ವಜ್ರ ಅಂದರೆ ಸರ್ಕಾರದ ವಿರುದ್ಧ ಯುದ್ಧಕ್ಕೆ ಬಂಡುಕೋರರು ಬಳಸಿದ್ದು ಮಾತ್ರ. ಜಿಂಬಾಬ್ವೆಯ ಮರಾಂಗೆಯಲ್ಲಿ 2008ರಲ್ಲಿ ವಜ್ರ ಅಗೆಯುತ್ತಿದ್ದ ಬಡವರನ್ನು ಸರ್ಕಾರದ ಸೈನಿಕರೇ ಕೊಂದರು. 2011ರಲ್ಲಿ ಅಲ್ಲಿನ ವಜ್ರ ಮಾರಲು ಒಪ್ಪಿಗೆ ಸಿಕ್ಕಿತು. ನಿಯಮ ತರಲು ಹೋರಾಡಿದ್ದ ಗ್ಲೋಬಲ್ ವಿಟ್‌ನೆಸ್ ಸಂಸ್ಥೆ ಅದೇ ವರ್ಷ ಹೊರಗೆ ಬಂತು.

ಈಗ ಗಂಧಕ್ಕೆ ಬರೋಣ. ವೀರಪ್ಪನ್ ದಂತವನ್ನೂ ಗಂಧವನ್ನೂ ಮಾರಿ ಬಂದೂಕಿನ ಬಲದಲ್ಲಿ ಕಾಡು ಆಳಿದ್ದು, 2000ದಲ್ಲಿ ರಾಜ್‌ಕುಮಾರರನ್ನು 108 ದಿನ ಒತ್ತೆಯಿಟ್ಟದ್ದು, 2004ರಲ್ಲಿ ಸತ್ತದ್ದು ಎಲ್ಲರಿಗೂ ಗೊತ್ತು. ಅವನನ್ನು ಹುಡುಕಿದ ಕಾರ್ಯಪಡೆಗಳ ಕೈಯಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗರು ಪಟ್ಟ ಪಾಡು ಅಷ್ಟು ಗೊತ್ತಿಲ್ಲ. ನ್ಯಾಯಮೂರ್ತಿ ಸದಾಶಿವ ಸಮಿತಿ ಅವರ ದೂರು ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ತಮಿಳುನಾಡಿನ ವಾಚಾತಿಯಲ್ಲಿ 1992ರಲ್ಲಿ ಗಂಧದ ಕಳ್ಳಸಾಗಣೆ ಹುಡುಕುವ ನೆಪದಲ್ಲಿ ನುಗ್ಗಿದವರು ಊರನ್ನೇ ಹಾಳುಮಾಡಿ, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. 269 ಸರ್ಕಾರಿ ನೌಕರರು ತಪ್ಪಿತಸ್ಥರು ಅಂತ ತೀರ್ಪು ಬರಲು 2011ರವರೆಗೆ ಕಾಯಬೇಕಾಯಿತು.

ಪಾಸು ಬೇಡ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಕಾಡೂ ಉಳಿಯದು, ಗಣಿಯೂ ಉಳಿಯದು. ಆದರೆ ಪಾಸು ಸರಕು ಬಂದ ದಾರಿಯನ್ನಷ್ಟೇ ಹೇಳುತ್ತದೆ. ಆ ದಾರಿಯಲ್ಲಿ ನೊಂದವರ ಲೆಕ್ಕ ಅದರಲ್ಲಿಲ್ಲ. ಕರ್ನಾಟಕದಲ್ಲಿ 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಗಂಧದ ಮರ ರೈತನದೇ ಆಯಿತು. ಅಲ್ಲಿಯವರೆಗೆ ತನ್ನ ಹಿತ್ತಲಿನ ಗಂಧದ ಸಸಿಯನ್ನು ಕಂಡೇ ಹೆದರಬೇಕಿತ್ತು. ಕಾಯುವ ಕೆಲಸದಲ್ಲಿ ಊರಿನವರಿಗೂ ಪಾಲು ಕೊಟ್ಟ ಇಂಥ ನಿಯಮಗಳನ್ನು ಮಕ್ಕಳಿಗೆ ವೀರಪ್ಪನ್ ಕಥೆಯ ಜೊತೆಗೇ ಹೇಳಿಕೊಡಿ ಅಂತ ನಮ್ಮ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ.