ಅಂಗಳಕ್ಕೆ ಬಂದ ಶಾಲೆ, ಅಂಚಿನಲ್ಲುಳಿದ ಹಾಡಿ

ಗುಂಡ್ಲುಪೇಟೆಯಿಂದ ಊಟಿಯ ದಾರಿ ಹಿಡಿದು ಹಂಗಳದ ಬಳಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಕೊಳಲು ಹಿಡಿದ ವೇಣುಗೋಪಾಲ ನಿಂತಿದ್ದಾನೆ. ಭಕ್ತರು ತಮ್ಮ ವಾಹನಗಳನ್ನು ಕೆಳಗೇ ಬಿಟ್ಟು ಸರ್ಕಾರಿ ಬಸ್ಸಿನಲ್ಲಿ ಮೇಲೇರುತ್ತಾರೆ. ಏಕೆಂದರೆ ಬೆಟ್ಟವಿರುವುದು ಬಂಡೀಪುರ ಹುಲಿ ರಕ್ಷಿತಾರಣ್ಯದೊಳಗೆ. ದನ ಕಾಯುವ ಹುಡುಗನೇ ದೇವರಾಗಿರುವ ಈ ಬೆಟ್ಟದ ಸುತ್ತಲಿನ ಸೀಮೆಯಲ್ಲಿ, ಕಾಡಂಚಿನ ಹಾಡಿ ಮತ್ತು ಕಾಲೊನಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ, ಸೋಲಿಗ ಕುಟುಂಬಗಳಿವೆ. ಅಲ್ಲಿನ ಪುಟ್ಟ ಮಕ್ಕಳಿಗೆ ಸರ್ಕಾರದಿಂದ ಏನು ಸಲ್ಲಬೇಕು, ಅದನ್ನು ಕೇಳುವವರು ಯಾರು ಎಂಬ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

ಆ ಇತಿಹಾಸ ಆರಂಭವಾದದ್ದು ಇಲ್ಲಿಗೆ ಹತ್ತಿರದಲ್ಲೇ. ಗುಂಡ್ಲುಪೇಟೆಯ ಗುಂಡ್ಲು ಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭಿಸಿದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಇದೇ ತಿ. ನರಸೀಪುರ. ನೂರು ಅಂಗನವಾಡಿಗಳೊಂದಿಗೆ ಕೆಲಸ ಶುರುವಾಯಿತು. ಆಗ ಗುಂಡ್ಲುಪೇಟೆಯೂ ನರಸೀಪುರವೂ ಒಂದೇ ಮೈಸೂರು ಜಿಲ್ಲೆಯಲ್ಲಿದ್ದವು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ವಿಧಾನಸಭೆಯ ಸಭಾಧ್ಯಕ್ಷ ಪೀಠದಲ್ಲಿ ಆಗ ಕುಳಿತಿದ್ದವರು ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ. ರಾಜ್ಯದಲ್ಲಿ ಆ ಪೀಠವೇರಿದ ಮೊದಲ ಮಹಿಳೆ ಅವರು.

‘ಅಂಗನವಾಡಿ’ ಎಂಬ ಹೆಸರಿನಲ್ಲೇ ಒಂದು ತತ್ವವಿದೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರೊಂದಿಗೆ ಶಿಶು ಶಿಕ್ಷಣದಲ್ಲಿ ದುಡಿದ ತಾರಾಬಾಯಿ ಮೋಡಕ್, ಮುಂದೆ ತಮ್ಮ ಶಿಷ್ಯೆ ಅನುತಾಯಿ ವಾಘ್ ಅವರೊಡನೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡ್‌ಗಳಲ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಬೇಕು ಎಂಬುದು ಅವರ ನಿಲುವು. ಅಂಗಳದ ಆ ಶಾಲೆಯೇ ಅಂಗನವಾಡಿ. ಸರ್ಕಾರ ಈ ಹೆಸರಿನಡಿ ಆರು ಸೇವೆಗಳನ್ನು ಜೋಡಿಸಿತು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ ಮತ್ತು ಶಾಲಾಪೂರ್ವ ಶಿಕ್ಷಣ. ಮಗುವಿನ ಜೊತೆಗೆ ಗರ್ಭಿಣಿ, ಬಾಣಂತಿಯರೂ ಸೇರಿದ್ದರಿಂದ ಇದು ಇಡೀ ಕುಟುಂಬದ ಯೋಜನೆಯಾಯಿತು.

ಆದರೆ ಅದು ಯೋಜನೆಯೇ ಹೊರತು ಹಕ್ಕಾಗಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಯೋಜನೆಯನ್ನು ಹಣವಿದ್ದಾಗ ಬೆಳೆಸಬಹುದು, ಇಲ್ಲದಾಗ ಮೊಟಕುಗೊಳಿಸಬಹುದು. ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಹುದು. 1950ರ ಸಂವಿಧಾನದ 45ನೆಯ ವಿಧಿ, ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದಿತ್ತು. ಆ ಮಾತಿನಲ್ಲಿ ಮೂರು ವರ್ಷದ ಮಗುವೂ ಸೇರಿತ್ತು. 2002ರಲ್ಲಿ 86ನೆಯ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದಾಗ ಅದನ್ನು ಆರರಿಂದ ಹದಿನಾಲ್ಕು ವರ್ಷದವರಿಗೆ ಸೀಮಿತಗೊಳಿಸಿತು. ಆರು ವರ್ಷದೊಳಗಿನವರಿಗೆ ಉಳಿದದ್ದು ‘ಪ್ರಯತ್ನಿಸಬೇಕು’ ಎಂಬ ಹಳೆಯ ಮಾತೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಂ ಕೂಡ ಇವರಿಗಾಗಿ ಸರ್ಕಾರ ಏರ್ಪಾಡು ‘ಮಾಡಬಹುದು’ ಎನ್ನುತ್ತದೆ, ‘ಮಾಡತಕ್ಕದ್ದು’ ಎನ್ನುವುದಿಲ್ಲ.

ಹೀಗಾಗಿ ಅಂಗನವಾಡಿಯ ವಿಷಯದಲ್ಲಿ ದೊರೆತ ಪ್ರತಿಯೊಂದು ಸೌಲಭ್ಯದ ಹಿಂದೆಯೂ ಯಾರೋ ಹೋಗಿ ಕೇಳಿದ ಕಥೆಯಿದೆ. ನಾಗರಿಕ ಸ್ವಾತಂತ್ರ್ಯಗಳ ಸಂಘಟನೆಯಾದ ಪಿಯುಸಿಎಲ್ 2001ರಲ್ಲಿ ಆಹಾರದ ಹಕ್ಕಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ಮೊಕದ್ದಮೆಯಲ್ಲಿ 2006ರ ಡಿಸೆಂಬರ್ 13ರಂದು ಬಂದ ಆದೇಶ, ದೇಶದಲ್ಲಿ ಕನಿಷ್ಠ 14 ಲಕ್ಷ ಅಂಗನವಾಡಿಗಳಿರಬೇಕೆಂದಿತು. ಆರು ವರ್ಷದೊಳಗಿನ 40 ಮಕ್ಕಳಿರುವ ವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದಿತು. 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಆಹಾರವನ್ನು ಹಕ್ಕಾಗಿಸಿತು. ಮಗುವಿಗೆ ಊಟ ಹಕ್ಕಾಯಿತು. ಪಾಠ ಇನ್ನೂ ಆಗಿಲ್ಲ.

ಕರ್ನಾಟಕದಲ್ಲಿ ಈ ದನಿ ಮುಖ್ಯವಾಗಿ ಕೇಳಿಬಂದದ್ದು ಕಾರ್ಯಕರ್ತೆಯರಿಂದಲೇ. ರಾಜ್ಯದ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳನ್ನು ನಡೆಸುವ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2017ರ ಮಾರ್ಚ್‌ನಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಬೀದಿಯಲ್ಲಿ ಹಗಲಿರುಳು ಕುಳಿತರು. ಅದೇ ವರ್ಷ ಅಕ್ಟೋಬರ್ 2ರಿಂದ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯವ್ಯಾಪಿಯಾದಾಗ ಅದರ ಹೊರೆ ಬಿದ್ದದ್ದೂ ಇವರ ಹೆಗಲಿಗೇ. 2022ರಲ್ಲಿ ಸುಪ್ರೀಂ ಕೋರ್ಟ್ ಇವರು ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪಿತ್ತಿತು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಲು ಸರ್ಕಾರ ಹೊರಟಾಗ, ಮಕ್ಕಳು ಅತ್ತ ಹೋದರೆ ಅಂಗನವಾಡಿ ಬರಿದಾಗುತ್ತದೆಂದು ಇವರು ಮತ್ತೆ ಬೀದಿಗಿಳಿದರು. ಅವನ್ನು ಅಂಗನವಾಡಿಯಲ್ಲೇ ನಡೆಸಿ ಎಂಬುದು ಅವರ ಬೇಡಿಕೆಯಾಗಿತ್ತು.

ಇಷ್ಟೆಲ್ಲ ಆದರೂ ಕಾಡಂಚಿನ ಹಾಡಿಯ ಲೆಕ್ಕ ಬೇರೆಯೇ. ಆದಿವಾಸಿ ಮತ್ತು ಗುಡ್ಡಗಾಡು ಪ್ರದೇಶಗಳಲ್ಲಿ 300 ಜನರಿದ್ದರೆ ಪೂರ್ಣ ಅಂಗನವಾಡಿ, 150 ಜನರಿದ್ದರೆ ಕಿರು ಅಂಗನವಾಡಿ ಎಂಬುದು ನಿಗದಿಯಾದ ಮಾನದಂಡ. 2011ರ ಜನಗಣತಿಯ ಪ್ರಕಾರ ರಾಜ್ಯದ ಜನರಲ್ಲಿ ಆರು ವರ್ಷದವರೆಗಿನ ಮಕ್ಕಳ ಪಾಲು ಸುಮಾರು ಶೇಕಡಾ 12. ಈ ಪ್ರಮಾಣದಲ್ಲಿ 40 ಮಕ್ಕಳಿರಬೇಕಾದರೆ ಊರಿನಲ್ಲಿ ಮುನ್ನೂರಕ್ಕೂ ಮೀರಿದ ಜನರಿರಬೇಕು. ಇಪ್ಪತ್ತೈದು ಮನೆಗಳ ಹಾಡಿ ನ್ಯಾಯಾಲಯದ ಅಳತೆಗೂ ಸಿಗದು, ಇಲಾಖೆಯ ಅಳತೆಗೂ ಸುಲಭವಾಗಿ ಸಿಗದು. ಅಲ್ಲಿಯ ಹತ್ತು ಹನ್ನೆರಡು ಮಕ್ಕಳು ಪಕ್ಕದ ಊರಿನ ಕೇಂದ್ರಕ್ಕೆ ಹೋಗಬೇಕು. ಆನೆ ಓಡಾಡುವ ದಾರಿಯಲ್ಲಿ ಮೂರು ವರ್ಷದ ಮಗುವನ್ನು ನಡೆಸಿಕೊಂಡು ಹೋಗುವವರು ಯಾರು? ತಾಯಿ ಕೂಲಿಗೆ ಹೋದರೆ ದೊಡ್ಡ ಮಗಳು ಶಾಲೆ ಬಿಟ್ಟು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಳ್ಳಬೇಕಾಗುತ್ತದೆ. ಹೀಗೆ ಒಂದು ಅಂಗನವಾಡಿ ಇಲ್ಲದಿದ್ದರೆ ಇಬ್ಬರು ಮಕ್ಕಳ ಓದು ಕೆಡುತ್ತದೆ. ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ಬಜೆಟ್ಟಿನಲ್ಲಿ ಸರ್ಕಾರ ಪ್ರಕಟಿಸಿದ್ದು ಈ ಕಷ್ಟವನ್ನು ಗುರುತಿಸಿಯೇ. ಆದರೆ ಪಂಚಾಯಿತಿಗೆ ಒಂದರಂತೆ ತೆರೆದ ಮನೆಯೂ ಹಾಡಿಯಿಂದ ದೂರವೇ.

ಬಂಡೀಪುರದಲ್ಲಿ ಹುಲಿ ಯೋಜನೆ ಬಂದದ್ದು 1973ರಲ್ಲಿ. ಎರಡು ವರ್ಷದ ಬಳಿಕ ಶಿಶು ಯೋಜನೆ ಬಂತು. ಅಂದಿನಿಂದ ಇಲ್ಲಿ ಹುಲಿಗಳನ್ನು ಒಂದೊಂದಾಗಿ ಎಣಿಸುವ ಪದ್ಧತಿ ಬೆಳೆದಿದೆ. ಕಾಡಂಚಿನ ಮಗುವನ್ನೂ ಹಾಗೆಯೇ ಎಣಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ. ಜನಸಂಖ್ಯೆಯ ಬದಲು ಹಾಡಿಯನ್ನೇ ಘಟಕವೆಂದು ಒಪ್ಪಿಕೊಂಡರೆ, ‘ಮಾಡಬಹುದು’ ಎಂಬುದನ್ನು ‘ಮಾಡತಕ್ಕದ್ದು’ ಎಂದು ಬದಲಿಸಿದರೆ ದಾರಿಯಾಗುತ್ತದೆ. ಮೂರು ವರ್ಷದ ಮಗುವಿಗೆ ಮತವಿಲ್ಲ, ಅರ್ಜಿ ಬರೆಯಲು ಬಾರದು. ಅದರ ಪರವಾಗಿ ಬೆಂಗಳೂರಿನಲ್ಲಿ ಮಾತಾಡುವ ಹೊಣೆ ಮತವಿರುವ ನಮ್ಮೆಲ್ಲರದು.