ಮೂವತ್ತೆಂಟು ರೂಪಾಯಿಯ ಅಮಾನತ್ತು

ಉಡುಪಿಯ ರಥಬೀದಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಒಂದು ಹಳೆಯ ಮನೆಯಿದೆ. ಬ್ಯಾಂಕೊಂದು ಕಣ್ಣುಬಿಟ್ಟ ಆ ಮನೆಯನ್ನು ನಂತರ ನಾಣ್ಯಗಳ ಸಂಗ್ರಹಾಲಯವಾಗಿ ಮಾಡಲಾಯಿತು. ನೋಡಲು ಹಣ ಕೊಡಬೇಕಾಗಿಲ್ಲ. ನಾವು ಅಕ್ಕನ ಮಗನನ್ನು ಕರೆದುಕೊಂಡು ಹೋದದ್ದು ಹಳೆಯ ನಾಣ್ಯಗಳನ್ನು ತೋರಿಸಲೆಂದು. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನಾಣ್ಯಗಳಲ್ಲ, ಆ ಮನೆಯ ಯಜಮಾನರ ಕಥೆ.

ಅವರು ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬ್ ಬಹಾದ್ದೂರ್. 1906ರ ಮಾರ್ಚ್ 12ರಂದು ಅವರ ಮುಂದಾಳತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್ ಆರಂಭವಾಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆಯ ಲೆಕ್ಕ 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲವದು. ಆ 2 ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ.

ಉಡುಪಿ ಆಗ ಮದ್ರಾಸ್ ಪ್ರಾಂತ್ಯದ ಸಣ್ಣ ಊರು. ಬಂಗಾಳದ ವಿಭಜನೆಯ ನಂತರ ಸ್ವದೇಶಿಯ ಗಾಳಿ ಇಲ್ಲಿಗೂ ಬೀಸಿತ್ತು. ಜಾತಿ ಮತದ ಭೇದವಿಲ್ಲದೆ ಎಲ್ಲರಲ್ಲೂ ಉಳಿತಾಯ, ಸಹಕಾರದ ಅಭ್ಯಾಸ ಬೆಳೆಸುವುದೇ ಸ್ವದೇಶಿ ಎಂದು ಹಾಜಿ ಸಾಹೇಬರು ಜನರನ್ನು ಕರೆದರು. ಅದೇ ಜುಲೈಯಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. ಅಕ್ಟೋಬರಿನಲ್ಲಿ ಮದ್ರಾಸಿನ ಬ್ರಿಟಿಷ್ ಸಂಸ್ಥೆ ಅರ್ಬತ್‌ನಾಟ್ ದಿವಾಳಿಯೆದ್ದಿತು. ನಂಬಿ ಹಣವಿಟ್ಟ ಸಾವಿರಾರು ಮಂದಿ ಕೈಸುಟ್ಟುಕೊಂಡರು. ದೊಡ್ಡ ಹೆಸರು ಮುಳುಗಿದ ವರ್ಷದಲ್ಲೇ ಕರಾವಳಿಯ ಸಣ್ಣ ಪೆಟ್ಟಿಗೆಗಳು ಉಳಿದುಕೊಂಡವು.

ಬಡ್ಡಿಯ ಪ್ರಶ್ನೆಯನ್ನು ನಮ್ಮ ಓದುಗರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದದ್ದೇ. ಆ ತೊಡಕನ್ನು ಒಬ್ಬ ಹಾಜಿಯ ಹೆಸರು ಹೇಳಿ ಮುಚ್ಚಿಹಾಕುವುದು ನಮ್ಮ ಉದ್ದೇಶವಲ್ಲ. ಆದರೆ ಅನ್ಯರ ಹಣವನ್ನು ಅಮಾನತ್ತೆಂದು ಕಾಯುವ ಗುಣ ದೀನಿನ ಹೊರಗಿನದ್ದಲ್ಲ. ಮಠಗಳ ಊರಿನ ಜನ ಒಬ್ಬ ಮುಸಲ್ಮಾನನ ಮನೆಯಲ್ಲಿ ತಮ್ಮ ದುಡ್ಡು ತಂದಿಟ್ಟರು. ಆ ವಿಶ್ವಾಸಕ್ಕೆ ಬೆಲೆ ಕಟ್ಟಲಾದೀತೆ?

ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಇವರೇ. ಅವರು 1935ರಲ್ಲಿ ತೀರಿಕೊಂಡರು. ಅವರ ಬ್ಯಾಂಕು 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂಬ ಹೆಸರು ಪಡೆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗಿ ಆ ಹೆಸರೂ ಬೋರ್ಡುಗಳಿಂದ ಇಳಿಯಿತು. ಹಾಗಾಗಿ ಈ ಮನೆಯ ಮೇಲೆ ಈಗ ಹೆಚ್ಚಿನ ಭಾರ ಬಿದ್ದಿದೆ. ಬ್ಯಾಂಕಿನ ಬೋರ್ಡು ಹೇಳದ್ದನ್ನು ಇದೇ ಹೇಳಬೇಕು.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹುಡುಗ ಕೇಳಿದ: "ಮಾಮೂ, ಇವರು ನಮ್ಮವರಾ?"

ಅವನು ಕೇಳಿದ್ದು ಯಾವ ಅರ್ಥದಲ್ಲೆಂದು ನಮಗೆ ಗೊತ್ತಿತ್ತು. ಶಾಲೆಯಲ್ಲಿ, ಬಸ್ಸಿನಲ್ಲಿ ಅವನ ಕಿವಿಗೆ ಬೀಳುವ ಮಾತುಗಳೂ ಗೊತ್ತಿದ್ದವು.

"ಉಡುಪಿಯವರು" ಎಂದೆವು. ಅವನು ತಿರುಗಿ ಇನ್ನೊಮ್ಮೆ ಮನೆಯನ್ನು ನೋಡಿದ.